ಕಿಗಾಲಿಯಿಂದ ಜಾಂಜಿಬಾರ್‌ಗೆ: ಪೂರ್ವ ಆಫ್ರಿಕಾದ ನಾಲ್ಕು ದೇಶಗಳನ್ನು ಕಡಿಮೆ ಖರ್ಚಿನಲ್ಲಿ ಸುತ್ತುವ ಬಗೆ

ಆಫ್ರಿಕಾ ಖಂಡದಲ್ಲಿ 54 ದೇಶಗಳಿವೆ. ವಿಸ್ತೀರ್ಣ ಸುಮಾರು 3 ಕೋಟಿ ಚದರ ಕಿಲೋಮೀಟರ್. ಭಾರತದಂಥ ಒಂಬತ್ತು ದೇಶಗಳನ್ನು ಇಟ್ಟರೂ ಇನ್ನೂ ಜಾಗ ಮಿಗುತ್ತದೆ. "ಒಂದು ಸಲ ಆಫ್ರಿಕಾ ನೋಡ್ಕೊಂಡು ಬರೋಣ" ಎನ್ನುವವರ ಪಟ್ಟಿಯಲ್ಲಿ ಈಜಿಪ್ಟಿನ ಪಿರಮಿಡ್ಡು, ಕೆನ್ಯಾದ ಸಿಂಹ, ಕೇಪ್‌ಟೌನಿನ ಟೇಬಲ್ ಮೌಂಟನ್ ಮೂರೂ ಒಟ್ಟಿಗೇ ಇರುತ್ತವೆ. ಕೈರೋದಿಂದ ಕೇಪ್‌ಟೌನಿಗೆ ನೇರ ಗೆರೆ ಎಳೆದರೂ 7,000 ಕಿ.ಮೀ. ಮೀರುತ್ತದೆ. ಆ ಪಟ್ಟಿ ಹಿಡಿದು ಹೊರಟರೆ ಬಹುಪಾಲು ದುಡ್ಡು ವಿಮಾನಕ್ಕೂ ವೀಸಾಕ್ಕೂ ಸುರಿದುಹೋಗುತ್ತದೆ.

ಖಂಡದ ಒಂದು ಮೂಲೆಯನ್ನು ಆರಿಸಿಕೊಂಡು ಅದನ್ನು ನೆಲದ ಮೇಲೆಯೇ ದಾಟಿ ಎನ್ನುವುದು ನನ್ನ ಸಲಹೆ. ಮೊದಲ ಸಲ ಹೋಗುವ ಕನ್ನಡಿಗರಿಗೆ ರುವಾಂಡ, ಉಗಾಂಡ, ಕೆನ್ಯಾ, ತಾಂಜಾನಿಯಾ ಸೇರಿದ ಪೂರ್ವ ಆಫ್ರಿಕಾಕ್ಕಿಂತ ಒಳ್ಳೆಯ ಮೂಲೆ ಸಿಗಲಾರದು. ನಾಲ್ಕೂ ಒಂದರ ಪಕ್ಕ ಒಂದಿವೆ. ಊರಿಂದ ಊರಿಗೆ ಬಸ್ಸಿದೆ. ಇಂಗ್ಲಿಷ್ ನಡೆಯುತ್ತದೆ. ಸಸ್ಯಾಹಾರಿಗಳೂ ಹಸಿದುಕೊಂಡಿರಬೇಕಾಗಿಲ್ಲ. ಒಂದು ತಿಂಗಳ ರಜೆ ಹೊಂದಿಸಿಕೊಳ್ಳಿ. ಅಷ್ಟು ಸಿಗದಿದ್ದರೆ ಎಲ್ಲಿ ಕತ್ತರಿಸಬೇಕು ಎಂಬುದನ್ನು ಕೊನೆಯಲ್ಲಿ ಹೇಳಿದ್ದೇನೆ.

ರೂಮಿನ ಬಾಡಿಗೆಯಲ್ಲಿ ನೂರಿನ್ನೂರು ಚೌಕಾಸಿ ಮಾಡಿದರೆ ಈ ಪ್ರಯಾಣದಲ್ಲಿ ಉಳಿಯುವುದು ಅಲ್ಪಸ್ವಲ್ಪ. ಯಾವ ದೇಶ ಮೊದಲು, ಯಾವುದು ಕೊನೆಗೆ ಎಂಬ ಸರದಿಯನ್ನು ಮನೆಯಲ್ಲೇ ಸರಿಯಾಗಿ ಹಾಕಿಕೊಂಡರೆ ಉಳಿಯುವುದು ಸಾವಿರಗಟ್ಟಲೆ. ಆದ್ದರಿಂದ ಕೆಳಗಿನ ಕೆಲಸಗಳನ್ನು ಇದೇ ಕ್ರಮದಲ್ಲಿ ಮಾಡಿ.

ಮೊದಲು ವೀಸಾ ನೋಡಿ, ಆಮೇಲೆ ದಾರಿ ಗೀಚಿ

ರುವಾಂಡ, ಉಗಾಂಡ, ಕೆನ್ಯಾ ಮೂರೂ ಸೇರಿ ಒಂದೇ ವೀಸಾ ಕೊಡುತ್ತವೆ. ಅದರ ಹೆಸರು ಈಸ್ಟ್ ಆಫ್ರಿಕಾ ಟೂರಿಸ್ಟ್ ವೀಸಾ. ಶುಲ್ಕ 100 ಡಾಲರ್, ಅವಧಿ 90 ದಿನ, ಈ ಮೂರು ದೇಶಗಳೊಳಗೆ ಎಷ್ಟು ಸಲ ಬೇಕಾದರೂ ಗಡಿ ದಾಟಬಹುದು. ಇದಕ್ಕೆ ಎರಡು ಷರತ್ತುಗಳಿವೆ. ಯಾವ ದೇಶಕ್ಕೆ ಮೊದಲು ಕಾಲಿಡುತ್ತೀರೋ ಅದೇ ದೇಶಕ್ಕೆ ಅರ್ಜಿ ಹಾಕಬೇಕು. ಮೂರರಿಂದ ಹೊರಗೆ ಕಾಲಿಟ್ಟರೆ, ದಿನಗಳು ಎಷ್ಟೇ ಉಳಿದಿದ್ದರೂ ವೀಸಾ ಅಲ್ಲಿಗೇ ಮುಗಿಯಿತು.

ತಾಂಜಾನಿಯಾ ಈ ಒಪ್ಪಂದದಲ್ಲಿಲ್ಲ. ಅದರ ವೀಸಾ ಬೇರೆ, 50 ಡಾಲರ್. ಹಾಗಾಗಿ ನಡುವೆ ಎಲ್ಲೋ ತಾಂಜಾನಿಯಾಕ್ಕೆ ಹೋಗಿ ಮತ್ತೆ ಕೆನ್ಯಾಕ್ಕೆ ಬರುವ ಯೋಜನೆ ಹಾಕಿದರೆ ಇನ್ನೊಮ್ಮೆ ಅನುಮತಿ, ಇನ್ನೊಮ್ಮೆ ಶುಲ್ಕ. ತಾಂಜಾನಿಯಾ ಕೊನೆಗೇ ಇರಲಿ.

ಇನ್ನು ಎಲ್ಲಿಂದ ಶುರು ಮಾಡುವುದು? ಬಹಳ ಜನ ಅಭ್ಯಾಸಬಲದಿಂದ ನೈರೋಬಿಗೆ ಟಿಕೆಟ್ ಹುಡುಕುತ್ತಾರೆ. 2024ರ ಜನವರಿಯಿಂದ ಕೆನ್ಯಾ ವೀಸಾ ಪದ್ಧತಿಯನ್ನೇ ತೆಗೆದುಹಾಕಿ ಇಟಿಎ ಎಂಬ ಆನ್‌ಲೈನ್ ಅನುಮತಿಯನ್ನು ತಂದಿದೆ. ಕೆನ್ಯಾ ಒಂದಕ್ಕೇ ಹೋಗುವವರಿಗೆ ಅದು ಸಾಕು. ಮೂರೂ ದೇಶ ಸುತ್ತುವವರು ರುವಾಂಡದಿಂದ ಆರಂಭಿಸಿ ಅಲ್ಲಿಂದಲೇ ಜಂಟಿ ವೀಸಾ ತೆಗೆಸುವುದು ಸಲೀಸು. ಇರೆಂಬೊ ಎಂಬ ರುವಾಂಡ ಸರ್ಕಾರದ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಸರ್ಕಾರದ್ದೇ ಎನ್ನುವ ಹಾಗೆ ಕಾಣುವ ಏಜೆಂಟರ ಜಾಲತಾಣಗಳು ಗೂಗಲ್‌ನಲ್ಲಿ ಮೇಲೆ ಬರುತ್ತವೆ, ದುಪ್ಪಟ್ಟು ಕೀಳುತ್ತವೆ. ವಿಳಾಸವನ್ನು ಎರಡು ಸಲ ಓದಿ. ಬಂದ ವೀಸಾವನ್ನು ಮೂರು ಪ್ರತಿ ಮುದ್ರಿಸಿಕೊಳ್ಳಿ, ಗಡಿ ಠಾಣೆಗಳಲ್ಲಿ ಮೊಬೈಲಿನಲ್ಲಿ ತೋರಿಸಿದರೆ ಒಪ್ಪುವುದಿಲ್ಲ ಎನ್ನುವವರೂ ಸಿಗುತ್ತಾರೆ.

ಇಷ್ಟಾದ ಮೇಲೆ ನಕ್ಷೆಯ ಮೇಲೆ ದಾರಿ ತಾನಾಗಿಯೇ ಮೂಡುತ್ತದೆ: ಕಿಗಾಲಿ, ಕಬಾಲೆ, ಕಂಪಾಲ, ಜಿಂಜ, ಕಿಸುಮು, ನೈವಾಶ, ನೈರೋಬಿ, ಅರುಶ, ಮೋಶಿ, ಲುಶೋಟೊ, ದಾರ್ ಎಸ್ ಸಲಾಂ (ಮುಂದೆ ಬರೀ ದಾರ್), ಕೊನೆಗೆ ತಾಂಜಾನಿಯಾದ್ದೇ ದ್ವೀಪವಾದ ಜಾಂಜಿಬಾರ್. ಬೆಟ್ಟದಿಂದ ಹೊರಟು ಸರೋವರ, ಬಯಲು ದಾಟಿ ಕಡಲಿಗೆ ಇಳಿಯುವ ದಾರಿ. ಒಂದೇ ಊರಿಗೆ ಎರಡು ಸಲ ಹೋಗುವ ಪ್ರಮೇಯವಿಲ್ಲ.

ತಿಂಗಳು

ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಜೂನ್‌ನಿಂದ ಸೆಪ್ಟೆಂಬರ್ ಒಣ ಹವೆ. ಜನವೋ ಜನ, ಎಲ್ಲದಕ್ಕೂ ದರ ಹೆಚ್ಚು. ಜೇಬು ಮತ್ತು ಹವೆ ಎರಡನ್ನೂ ನೋಡಿದರೆ ಜನವರಿ ಕೊನೆ ಮತ್ತು ಫೆಬ್ರವರಿ ನನಗೆ ಇಷ್ಟದ ಕಾಲ.

ಚುನಾವಣೆಯ ದಿನಾಂಕವನ್ನೂ ನೋಡಿಕೊಳ್ಳಿ. 2025ರ ಅಕ್ಟೋಬರ್ ಕೊನೆಯಲ್ಲಿ ತಾಂಜಾನಿಯಾದ ಚುನಾವಣೆ ಹೊತ್ತಿಗೆ ದಾರ್‌ನಲ್ಲಿ ಕರ್ಫ್ಯೂ ಹಾಕಿ ಇಂಟರ್‌ನೆಟ್ ನಿಲ್ಲಿಸಿದ್ದರು. ಕೆನ್ಯಾದ ಮುಂದಿನ ಮಹಾಚುನಾವಣೆ 2027ರ ಆಗಸ್ಟ್‌ನಲ್ಲಿ. ಆ ಹಿಂದುಮುಂದಿನ ವಾರಗಳಲ್ಲಿ ಗಡಿ ದಾಟುವ ಬಸ್ಸನ್ನು ನಂಬಿಕೊಂಡು ಕೂರಬೇಡಿ.

ವಿಮಾನ: ಇಳಿಯುವ ಊರು ಬೇರೆ, ಹತ್ತುವ ಊರು ಬೇರೆ

ಬೆಂಗಳೂರಿನಿಂದ ಅಡಿಸ್ ಅಬಾಬಕ್ಕೆ ಇಥಿಯೋಪಿಯನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ಅಲ್ಲಿ ವಿಮಾನ ಬದಲಿಸಿದರೆ ಕಿಗಾಲಿ, ಎಂಟೆಬ್ಬೆ (ಕಂಪಾಲದ ವಿಮಾನ ನಿಲ್ದಾಣ), ನೈರೋಬಿ, ದಾರ್, ಜಾಂಜಿಬಾರ್ ಎಲ್ಲಕ್ಕೂ ಹೋಗಬಹುದು. ಟಿಕೆಟ್ ಹುಡುಕುವಾಗ ಹೋಗಿಬರುವ ಟಿಕೆಟ್ ಬದಲು "ಮಲ್ಟಿ ಸಿಟಿ" ಎಂಬುದನ್ನು ಒತ್ತಿ, ಹೋಗುವುದು ಕಿಗಾಲಿಗೆ, ಬರುವುದು ಜಾಂಜಿಬಾರ್‌ನಿಂದ ಎಂದು ಹಾಕಿ. ಎರಡನ್ನೂ ಒಂದೇ ಟಿಕೆಟ್ಟಿನಲ್ಲಿ ತೆಗೆದರೆ ಮಾಮೂಲಿ ಹೋಗಿಬರುವ ದರಕ್ಕಿಂತ ತುಸು ಹೆಚ್ಚಾಗಬಹುದು, ಆದರೆ ವಾಪಸು ಮೊದಲ ಊರಿಗೆ ಬರುವ ಎರಡು ದಿನದ ಬಸ್ಸು, ಅದರ ಖರ್ಚು, ದಣಿವು ಉಳಿಯುತ್ತದೆ. ಎರಡೂವರೆ ಮೂರು ತಿಂಗಳು ಮೊದಲೇ ನೋಡಲು ಶುರು ಮಾಡಿ. 55ರಿಂದ 70 ಸಾವಿರದೊಳಗೆ ಸಿಕ್ಕರೆ ತಡಮಾಡದೆ ತೆಗೆದುಬಿಡಿ.

ಹಳದಿ ಕಾರ್ಡು

ಇದೊಂದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪೀತಜ್ವರದ, ಅಂದರೆ ಯೆಲ್ಲೊ ಫೀವರ್‌ನ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರವಿಲ್ಲದೆ (ಅದೇ ಹಳದಿ ಕಾರ್ಡು) ಉಗಾಂಡದೊಳಗೆ ಬಿಡುವುದಿಲ್ಲ. ಇನ್ನೂ ದೊಡ್ಡ ತೊಂದರೆ ವಾಪಸು ಬರುವಾಗ: ಕೆನ್ಯಾ, ಉಗಾಂಡದಂಥ ದೇಶಗಳಿಂದ ಬರುವವರ ಬಳಿ ಈ ಪತ್ರವಿಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ನಮ್ಮಲ್ಲಿ ಆ ರೋಗ ಹರಡುವ ಸೊಳ್ಳೆ ಇದೆ, ರೋಗ ಮಾತ್ರ ಇಲ್ಲ. ಅಷ್ಟು ಕಟ್ಟುನಿಟ್ಟಿಗೆ ಕಾರಣ ಅದೇ.

ಈ ಲಸಿಕೆಯನ್ನು ಎಲ್ಲ ಆಸ್ಪತ್ರೆಗಳಲ್ಲೂ ಹಾಕುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ಮಾನ್ಯ ಮಾಡಿದ ಕೇಂದ್ರಗಳಿಗೇ ಹೋಗಬೇಕು. ಬೆಂಗಳೂರಿನಲ್ಲಿ ಅಂಥ ಕೇಂದ್ರವಿದೆ. ಪಾಸ್‌ಪೋರ್ಟ್ ಜೊತೆಯಲ್ಲಿರಲಿ, ದಿನ ಮೊದಲೇ ಕೇಳಿಕೊಂಡು ಹೋಗಿ. ಹಾಕಿಸಿಕೊಂಡ 10 ದಿನಗಳ ನಂತರ ಪತ್ರ ಊರ್ಜಿತವಾಗುತ್ತದೆ, ಆಮೇಲೆ ಜೀವನಪರ್ಯಂತ ನಡೆಯುತ್ತದೆ. ಮೊಟ್ಟೆಯ ಅಲರ್ಜಿ ಇರುವವರು, 60 ದಾಟಿದವರು, ಗರ್ಭಿಣಿಯರು ವೈದ್ಯರ ಹತ್ತಿರ ಮಾತಾಡದೆ ಹಾಕಿಸಿಕೊಳ್ಳಬಾರದು. ಮಲೇರಿಯಾ ಮಾತ್ರೆಯ ವಿಷಯವನ್ನೂ ಅದೇ ಭೇಟಿಯಲ್ಲಿ ಕೇಳಿ. ಸರೋವರದ ದಂಡೆಯಲ್ಲಿ, ಕರಾವಳಿಯಲ್ಲಿ ಅದರ ಕಾಟ ನಿಜಕ್ಕೂ ಇದೆ. ಪ್ರಯಾಣ ವಿಮೆ ಕೊಳ್ಳುವಾಗ ಆಸ್ಪತ್ರೆ ಖರ್ಚಿನ ಜೊತೆಗೆ ರೋಗಿಯನ್ನು ಬೇರೆಡೆಗೆ ಸಾಗಿಸುವ ಖರ್ಚೂ ಸೇರಿದೆಯೇ ಎಂದು ಓದಿ ನೋಡಿ.

ದುಡ್ಡು ಒಯ್ಯುವ ರೀತಿ

ಒಂದಿಷ್ಟು ಡಾಲರ್ ನೋಟು, ಒಂದು ಫಾರೆಕ್ಸ್ ಕಾರ್ಡು, ಒಂದು ಬ್ಯಾಂಕ್ ಡೆಬಿಟ್ ಕಾರ್ಡು ಬೇರೆ ಬೇರೆ ಜಾಗದಲ್ಲಿರಲಿ. ನಗದು ವಿದೇಶಿ ನೋಟನ್ನು ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ಕೊಳ್ಳಲು ಅವಕಾಶವಿದೆ; ಇಲ್ಲಿಗೆ ಅದರ ಕಾಲು ಭಾಗವೇ ಸಾಕು. ನೋಟು ಕೊಳ್ಳುವಾಗ ಅದರ ಮೇಲಿನ ಸರಣಿ ವರ್ಷವನ್ನು ನೋಡಿ: 2009ಕ್ಕಿಂತ ಹಿಂದಿನ ಡಾಲರ್ ನೋಟುಗಳನ್ನು ಪೂರ್ವ ಆಫ್ರಿಕಾದಲ್ಲಿ ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ಸುಕ್ಕು, ಪೆನ್ನಿನ ಗೀಟು, ಸಣ್ಣ ಹರುಕು ಇದ್ದರೂ ಅದೇ ಕಥೆ. 50, 100ರ ನೋಟಿಗೆ ಸಣ್ಣ ನೋಟಿಗಿಂತ ಒಳ್ಳೆಯ ದರ ಸಿಗುತ್ತದೆ.

ಕೆನ್ಯಾದಲ್ಲಿ ಮಾತ್ರ ಬೇರೆ ಲೋಕ. 2007ರಲ್ಲಿ ಶುರುವಾದ, ಮೊಬೈಲಿನಲ್ಲೇ ಹಣ ಕೊಡುವ ಎಂ-ಪೆಸಾ ಅಲ್ಲಿ ನಮ್ಮ ಯುಪಿಐಗಿಂತ ಬಹಳ ಮೊದಲೇ ತರಕಾರಿ ಗಾಡಿಯವರೆಗೂ ತಲುಪಿದೆ. ಪಾಸ್‌ಪೋರ್ಟ್ ತೋರಿಸಿ ಸಿಮ್ ತೆಗೆದುಕೊಳ್ಳುವಾಗಲೇ ಅದನ್ನೂ ನೋಂದಾಯಿಸಿಕೊಂಡರೆ ಎಟಿಎಂ ಹುಡುಕುವ ಕೆಲಸ ಕಡಿಮೆ.

ದಾರಿ, ಊರಿಂದ ಊರಿಗೆ

ಕಿಗಾಲಿಯಲ್ಲಿ ಇಳಿಯುವ ಮೊದಲೇ ಬ್ಯಾಗಿನಿಂದ ಪ್ಲಾಸ್ಟಿಕ್ ಕವರುಗಳನ್ನು ತೆಗೆದುಬಿಡಿ. ರುವಾಂಡ 2008ರಿಂದ ಅವನ್ನು ನಿಷೇಧಿಸಿದೆ. ಕೆನ್ಯಾ 2017ರಲ್ಲಿ, ತಾಂಜಾನಿಯಾ 2019ರಲ್ಲಿ ಅದೇ ಹಾದಿ ಹಿಡಿದವು. ಬಟ್ಟೆ ಚೀಲ ತಗೊಳ್ಳಿ. ನಗರದೊಳಗೆ ಬಾಡಿಗೆ ಬೈಕಿನವರು ಹಿಂದೆ ಕೂರುವವರಿಗೂ ಹೆಲ್ಮೆಟ್ ಕೊಡುತ್ತಾರೆ. ತಿಂಗಳ ಕೊನೆಯ ಶನಿವಾರ ಬೆಳಗ್ಗೆ ಊರೆಲ್ಲ ಉಮುಗಾಂಡ, ಅಂದರೆ ಸಾಮೂಹಿಕ ಶ್ರಮದಾನ. 11 ಗಂಟೆವರೆಗೆ ಅಂಗಡಿಗಳಿಲ್ಲ, ಬಸ್ಸಿಲ್ಲ. ಆ ದಿನ ಪ್ರಯಾಣ ಇಟ್ಟುಕೊಳ್ಳಬೇಡಿ.

ಕಿಗಾಲಿಯಲ್ಲಿ ಏನನ್ನು ಬಿಟ್ಟರೂ ಜನಾಂಗಹತ್ಯೆಯ ಸ್ಮಾರಕವನ್ನು ಬಿಡಬೇಡಿ. 1994ರಲ್ಲಿ ನೂರು ದಿನಗಳ ಕಾಲ ನಡೆದ ಟುಟ್ಸಿ ಜನರ ಹತ್ಯೆಯಲ್ಲಿ ಕೊಲ್ಲಲ್ಪಟ್ಟ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಅಲ್ಲಿ ಮಣ್ಣು ಮಾಡಿದ್ದಾರೆ. ಪ್ರವೇಶ ಉಚಿತ. ಅರ್ಧ ದಿನ ಇಟ್ಟುಕೊಳ್ಳಿ, ಅದೇ ದಿನ ಬೇರೇನನ್ನೂ ನೋಡುವ ಯೋಜನೆ ಬೇಡ. ಮುಂದೆ ಈ ದೇಶದಲ್ಲಿ ನೀವು ಮಾತಾಡಿಸುವ ನಲವತ್ತು ದಾಟಿದವರಲ್ಲಿ ಬಹಳ ಜನ ಆ ನೂರು ದಿನಗಳನ್ನು ಹೇಗೋ ದಾಟಿ ಬಂದವರು. ಅದು ಗೊತ್ತಿದ್ದು ಮಾತಾಡುವುದಕ್ಕೂ ಗೊತ್ತಿಲ್ಲದೆ ಮಾತಾಡುವುದಕ್ಕೂ ವ್ಯತ್ಯಾಸವಿದೆ.

ಕಿವು ಸರೋವರದ ದಂಡೆಯ ಊರುಗಳಿಗೂ ಹಲವರು ಹೋಗುತ್ತಾರೆ. ಗಡಿಯಾಚೆ ಕಾಂಗೋದಲ್ಲಿರುವ ಗೋಮಾ ನಗರ 2025ರ ಜನವರಿಯಲ್ಲಿ ಬಂಡುಕೋರರ ಕೈಗೆ ಹೋಯಿತು. ಹಾಗಾಗಿ ಗಡಿಗೆ ಅಂಟಿಕೊಂಡ ಗಿಸೆನ್ಯಿಯನ್ನು ಬಿಟ್ಟು, ದಕ್ಷಿಣಕ್ಕಿರುವ ಕಿಬುಯೆಯನ್ನು ಆರಿಸಿಕೊಳ್ಳಿ, ಹೊರಡುವ ಮೊದಲು ಭಾರತದ ವಿದೇಶಾಂಗ ಸಚಿವಾಲಯದ ಸೂಚನೆಯನ್ನೂ ನೋಡಿ.

ಕಿಗಾಲಿಯ ನ್ಯಾಬುಗೊಗೊ ನಿಲ್ದಾಣದಿಂದ ಉಗಾಂಡದ ಕಡೆಗೆ ಬಸ್ಸು. ನೇರ ಕಂಪಾಲಕ್ಕೆ ಟಿಕೆಟ್ ಮಾಡಿಸಿದರೆ ಸುಮಾರು ಹತ್ತು ಗಂಟೆಯ ಕುಲುಕಾಟ. ಗಡಿ ದಾಟಿದ ಸ್ವಲ್ಪ ಹೊತ್ತಿನಲ್ಲೇ ಕಬಾಲೆಯಲ್ಲಿ ಇಳಿದುಬಿಡಿ. ಹತ್ತಿರದಲ್ಲೇ ಬುನ್ಯೋನ್ಯಿ ಸರೋವರವಿದೆ: ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಹೊಲ ಮಾಡಿದ ಗುಡ್ಡಗಳು, ನಡುವೆ ಚಿಕ್ಕ ಚಿಕ್ಕ ದ್ವೀಪಗಳು. ಮರದ ದಿಮ್ಮಿಯನ್ನು ಕೊರೆದು ಮಾಡಿದ ದೋಣಿಯಲ್ಲಿ ದಾಟಿಸುತ್ತಾರೆ. ಕಡಿಮೆ ಬಾಡಿಗೆಯ ಗುಡಿಸಲುಗಳು, ಟೆಂಟು ಹಾಕುವ ಜಾಗ ಎರಡೂ ಸಿಗುತ್ತವೆ. ಇಡೀ ದಾರಿಯಲ್ಲಿ ಕಡಿಮೆ ದುಡ್ಡಿಗೆ ಹೆಚ್ಚು ನೆಮ್ಮದಿ ಸಿಗುವ ಜಾಗ ಇದು. ಎರಡು ಮೂರು ದಿನ ಇರಿ.

ಗೊರಿಲ್ಲಾಗಳ ವಿಷಯವನ್ನೂ ಇಲ್ಲೇ ಹೇಳಬೇಕು, ಯಾಕೆಂದರೆ ಬ್ವಿಂಡಿ ಕಾಡು ಇಲ್ಲಿಂದ ದೂರವಿಲ್ಲ. ಒಂದು ಗಂಟೆ ಗೊರಿಲ್ಲಾ ನೋಡುವ ಪರವಾನಗಿಗೆ ಉಗಾಂಡದಲ್ಲಿ 800 ಡಾಲರ್, ರುವಾಂಡದಲ್ಲಿ 1,500 ಡಾಲರ್. ಈ ಬಜೆಟ್ಟಿನಲ್ಲಿ ಅದು ಕೂರುವುದಿಲ್ಲ. ಆದರೆ ಗೊರಿಲ್ಲಾ ನೋಡುವುದೇ ಜೀವಮಾನದ ಆಸೆ ಎಂದಾದರೆ ಉಗಾಂಡದಲ್ಲೇ ನೋಡಿ, ಉಳಿದ ಸಫಾರಿಯನ್ನು ಕೈಬಿಡಿ.

ಕಬಾಲೆಯಿಂದ ಕಂಪಾಲಕ್ಕೆ ಹೋಗುವ ರಸ್ತೆ ಕಯಾಬ್ವೆ ಎಂಬಲ್ಲಿ ಭೂಮಧ್ಯರೇಖೆಯನ್ನು ದಾಟುತ್ತದೆ. ಕಂಪಾಲದ ಟ್ರಾಫಿಕ್ಕಿನಲ್ಲಿ ಒಂದು ದಿನ ಸಾಕು. ಅಲ್ಲಿಂದ ಸುಮಾರು 80 ಕಿ.ಮೀ. ದೂರದ ಜಿಂಜಕ್ಕೆ ಬಂದುಬಿಡಿ.

ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಡುವುದು ಜಿಂಜದಲ್ಲಿ. ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನು 1948ರಲ್ಲಿ ಇಲ್ಲೇ ನದಿಗೆ ಬಿಟ್ಟರು. ಅದರ ನೆನಪಿಗೆ ದಂಡೆಯಲ್ಲಿ ಅವರ ಪ್ರತಿಮೆ ಇದೆ. ಊರಿನ ಮುಖ್ಯ ಬೀದಿಯಲ್ಲಿ ನಿಧಾನವಾಗಿ ನಡೆಯಿರಿ. ಹಳೆಯ ಅಂಗಡಿ ಕಟ್ಟಡಗಳ ನೆತ್ತಿಯ ಮೇಲೆ ಭಾರತೀಯ ಹೆಸರುಗಳೂ ಕಟ್ಟಿದ ಇಸವಿಗಳೂ ಗಾರೆಯಲ್ಲಿ ಮೂಡಿವೆ. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಏಷ್ಯನ್ನರನ್ನು ದೇಶ ಬಿಡಿಸಿದಾಗ ಆ ಮನೆತನಗಳು ಇವನ್ನು ಬಿಟ್ಟು ಹೋದವು. ಇದನ್ನು ನೋಡಲು ಟಿಕೆಟ್ ಬೇಕಿಲ್ಲ, ಕತ್ತೆತ್ತಿ ನಡೆದರೆ ಸಾಕು.

ಬುಸಿಯಾದಲ್ಲಿ ಗಡಿ ದಾಟಿದರೆ ಕೆನ್ಯಾದ ಕಿಸುಮು. ಮೊಂಬಾಸಾದಿಂದ 1896ರಲ್ಲಿ ಕೆಲಸ ಶುರುವಾದ ಉಗಾಂಡ ರೈಲ್ವೆ 1901ರಲ್ಲಿ ಬಂದು ಮುಟ್ಟಿದ್ದು ಇಲ್ಲಿಗೆ. ಆ ಹಳಿಗಳನ್ನು ಹಾಸಲು ಭಾರತದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಕರೆದೊಯ್ದಿದ್ದರು. ನೈರೋಬಿ ಹುಟ್ಟಿದ್ದೂ 1899ರ ರೈಲ್ವೆ ಬಿಡಾರವಾಗಿ. ಕಿಸುಮುವಿನಿಂದ ನಕುರು ಮೂಲಕ ನೈವಾಶಕ್ಕೆ ಮಟಾಟು, ಅಂದರೆ ಅಲ್ಲಿನ ಬಾಡಿಗೆ ವ್ಯಾನುಗಳು, ಸಿಗುತ್ತವೆ.

ನೈವಾಶದ ಪಕ್ಕದ ಹೆಲ್ಸ್ ಗೇಟ್ ರಾಷ್ಟ್ರೀಯ ಉದ್ಯಾನದಲ್ಲಿ ಸೈಕಲ್ ಹೊಡೆಯಲು ಬಿಡುತ್ತಾರೆ. ಗೇಟಿನ ಹತ್ತಿರವೇ ಸೈಕಲ್ ಬಾಡಿಗೆಗಿದೆ. ಎರಡೂ ಕಡೆ ಕೆಂಪು ಬಂಡೆ, ನಡುವಿನ ಮಣ್ಣುರಸ್ತೆಯಲ್ಲಿ ನೀವು, ಪಕ್ಕದಲ್ಲಿ ಹುಲ್ಲು ಮೇಯುವ ಜೀಬ್ರಾ. ಬ್ರೇಕನ್ನು ಗೇಟಿನಲ್ಲೇ ಹಿಡಿದು ಪರೀಕ್ಷಿಸಿ, ನೀರು ಎರಡು ಬಾಟಲಿ ಇರಲಿ, ಬೆಳಗ್ಗೆ ಏಳಕ್ಕೆಲ್ಲ ಒಳಗಿರಿ.

ನೈರೋಬಿಯಲ್ಲಿ ಕತ್ತಲಾದ ಮೇಲೆ ನಡೆಯಬೇಡಿ, ಆ್ಯಪ್‌ನಲ್ಲಿ ಕ್ಯಾಬ್ ಕರೆಸಿ. ನಗರದ ನಡುಭಾಗದಲ್ಲಿ ಮೊಬೈಲನ್ನು ಕೈಯಲ್ಲಿ ಹಿಡಿದು ನಕ್ಷೆ ನೋಡುತ್ತ ನಡೆಯುವುದೂ ಬೇಡ. ಹಗಲಲ್ಲಿ ಕರುರಾ ಕಾಡಿಗೆ ಹೋಗಿ. ನಗರದ ಮಗ್ಗುಲಲ್ಲೇ ಇರುವ ಈ ಕಾಡನ್ನು ಕಟ್ಟಡಗಳಿಗೆ ಹಂಚಲು ಹೊರಟಾಗ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ ಮತ್ತು ಅವರ ಸಂಗಾತಿಗಳು ಪೆಟ್ಟು ತಿಂದು ಉಳಿಸಿಕೊಂಡರು. 2004ರ ನೊಬೆಲ್ ಶಾಂತಿ ಪ್ರಶಸ್ತಿ ಅವರಿಗೆ ಸಂದಿತು.

ಇಲ್ಲಿ ದಾರಿ ಕವಲೊಡೆಯುತ್ತದೆ. ಕಡಲೇ ಹೆಚ್ಚು ಇಷ್ಟ ಎನ್ನುವವರು ಸ್ಟ್ಯಾಂಡರ್ಡ್ ಗೇಜ್ ರೈಲು ಹಿಡಿದು ಮೊಂಬಾಸಾಕ್ಕೆ ಇಳಿದು, ಟಾಂಗಾ ಮೂಲಕ ದಾರ್‌ಗೆ ಹೋಗಬಹುದು. ಎಕಾನಮಿ ದರ 1,500 ಶಿಲಿಂಗ್. ಸಾವೊ ಉದ್ಯಾನ ದಾಟುವಾಗ ಕಿಟಕಿಯಿಂದಲೇ ಆನೆ ಕಾಣುವ ಸಾಧ್ಯತೆ ಇದೆ. ನಾನು ಸೂಚಿಸುವುದು ನಮಂಗಾ ಗಡಿಯ ಮೂಲಕ ಅರುಶಕ್ಕೆ ಹೋಗುವ ದಾರಿ. ಅರುಶದಿಂದ ಸಫಾರಿ, ಮೋಶಿಯಿಂದ ಕಿಲಿಮಂಜಾರೊ ದರ್ಶನ. 5,895 ಮೀಟರಿನ ಆ ಪರ್ವತವನ್ನು ಹತ್ತುವುದು ಈ ಬಜೆಟ್ಟಿನಲ್ಲಿ ಆಗದ ಮಾತು, ಆದರೆ ಮುಂಜಾನೆ ಮೋಡ ಸರಿದಾಗ ಊರಿನ ಬೀದಿಯಿಂದಲೇ ಕಾಣುತ್ತದೆ. ತಪ್ಪಲಿನ ಚಗ್ಗಾ ರೈತರ ಕಾಫಿ ತೋಟಗಳಲ್ಲಿ ಬಾಳೆಯ ನೆರಳಿನಲ್ಲಿ ಕಾಫಿ ಬೆಳೆಯುತ್ತಾರೆ. ಕೊಡಗು, ಚಿಕ್ಕಮಗಳೂರಿನವರು ಅಲ್ಲಿ ಹೋದರೆ ಮಾತಿಗೆ ವಿಷಯ ಹುಡುಕಬೇಕಿಲ್ಲ.

ಮೋಶಿಯಿಂದ ದಾರ್‌ಗೆ ಹೋಗುವ ಹೆದ್ದಾರಿಯಲ್ಲಿ ಮೊಂಬೊ ಎಂಬಲ್ಲಿ ಇಳಿದರೆ ಉಸಂಬರಾ ಬೆಟ್ಟಗಳ ಲುಶೋಟೊಕ್ಕೆ ಹೋಗುವ ವ್ಯಾನು. ತಂಪು ಊರು, ಕಾಡುದಾರಿ, ಸ್ಥಳೀಯ ಗೈಡುಗಳ ಜೊತೆ ದಿನಪೂರ್ತಿ ನಡಿಗೆ. ಪ್ಯಾಕೇಜ್‌ಗಳಲ್ಲಿ ಇಲ್ಲದ ಊರಾದ್ದರಿಂದ ದರವೂ ಕಡಿಮೆ.

ದಾರ್‌ನ ಮಗುಫುಲಿ ಬಸ್ ನಿಲ್ದಾಣ ಊರಾಚೆ ಎಂಬೆಜಿಯಲ್ಲಿದೆ. ರಾತ್ರಿ ಬಂದು ಇಳಿದರೆ ನಗರದ ನಡುವಿಗೆ ಟ್ಯಾಕ್ಸಿಗೆ ಬಹಳ ಕೊಡಬೇಕಾಗುತ್ತದೆ; ಹಗಲಲ್ಲೇ ತಲುಪುವ ಬಸ್ಸು ಹಿಡಿಯಿರಿ. ಮರುದಿನ ಬೆಳಗ್ಗೆ ಜಾಂಜಿಬಾರ್‌ಗೆ ಫೆರಿ: ವಿದೇಶಿಯರಿಗೆ 35 ಡಾಲರ್, ಎರಡು ಗಂಟೆ. ಬಂದರಿನಲ್ಲಿ ಟಿಕೆಟ್ ಹಿಡಿದು ಮೈಮೇಲೆ ಬೀಳುವವರನ್ನು ದಾಟಿ ಕಂಪನಿಯ ಕೌಂಟರಿಗೇ ಹೋಗಿ. 2024ರ ಅಕ್ಟೋಬರ್‌ನಿಂದ ಜಾಂಜಿಬಾರ್‌ಗೆ ಬರುವ ವಿದೇಶಿಯರು 44 ಡಾಲರಿನ ಸ್ಥಳೀಯ ವಿಮೆ ಮಾಡಿಸಲೇಬೇಕು. ನಿಮ್ಮ ಬಳಿ ಬೇರೆ ವಿಮೆ ಇದ್ದರೂ ಬಿಡುವುದಿಲ್ಲ.

ಸ್ಟೋನ್ ಟೌನಿನ ಓಣಿಗಳಲ್ಲಿ ಎರಡು ದಿನ ಕಳೆದು ದಲಾದಲಾ ವ್ಯಾನಿನಲ್ಲಿ ಕಡಲ ದಂಡೆಗೆ ಹೋಗಿ. ಪೂರ್ವ ದಂಡೆಯ ಪಾಜೆ, ಜಂಬಿಯಾನಿಗಳಲ್ಲಿ ಇಳಿತದ ಹೊತ್ತಿಗೆ ನೀರು ಬಹಳ ದೂರ ಸರಿದುಬಿಡುತ್ತದೆ, ಈಜಲಾಗುವುದಿಲ್ಲ. ಆಗ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಕಡಲಪಾಚಿ ಬೆಳೆ ನೋಡಿಕೊಳ್ಳುವುದನ್ನು ಕಾಣಬಹುದು. ದಿನವಿಡೀ ಈಜಬೇಕೆಂದರೆ ಉತ್ತರದ ನುಂಗ್ವಿ.

ಗಡಿ ದಾಟುವಾಗ

ರುವಾಂಡ-ಉಗಾಂಡ ಗಡಿಯ ಗಟುನ, ಮುಂದಿನ ಬುಸಿಯಾ, ನಮಂಗಾ ಮೂರು ಕಡೆಯೂ ಎರಡು ದೇಶಗಳ ಅಧಿಕಾರಿಗಳು ಒಂದೇ ಕಟ್ಟಡದಲ್ಲಿ ಕೂರುತ್ತಾರೆ. ಬಸ್ಸಿನಿಂದ ಎಲ್ಲರೂ ಇಳಿಯಬೇಕು. ಇಳಿಯುವ ಮೊದಲು ಬಸ್ಸಿನ ನಂಬರಿನ ಫೋಟೊ ತೆಗೆದುಕೊಳ್ಳಿ, ಕಂಡಕ್ಟರಿಗೆ ನಿಮ್ಮ ಮುಖ ಪರಿಚಯ ಮಾಡಿಕೊಡಿ. ಭಾರತೀಯ ಪಾಸ್‌ಪೋರ್ಟಿಗೆ ಅಲ್ಲಿನವರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಬಸ್ಸು ಗಡಿಯಾಚೆ ಹೋಗಿ ನಿಂತಿರುತ್ತದೆ. ಮೊದಲು ಹಳದಿ ಕಾರ್ಡು ಕೇಳುತ್ತಾರೆ. ಆಮೇಲೆ ಬಿಡುವ ದೇಶದ ಮೊಹರು, ಪಕ್ಕದ ಕಿಟಕಿಯಲ್ಲಿ ಸೇರುವ ದೇಶದ ಮೊಹರು. ಎರಡೂ ಬಿದ್ದಿವೆಯೇ ಎಂದು ಕಿಟಕಿ ಬಿಡುವ ಮುನ್ನವೇ ನೋಡಿ. "ನಾನು ಬೇಗ ಮಾಡಿಸಿಕೊಡ್ತೀನಿ" ಎಂದು ಪಾಸ್‌ಪೋರ್ಟ್ ಕೇಳುವ ಯಾರ ಕೈಗೂ ಅದನ್ನು ಕೊಡಬೇಡಿ. ಹೊರಗೆ ನೋಟಿನ ಕಂತೆ ಹಿಡಿದು ನಿಂತವರ ಬಳಿ ಊಟ, ಬಸ್ಸಿಗೆ ಬೇಕಾದಷ್ಟೇ ಬದಲಿಸಿ.

ಗಡಿಯಾರವೂ ಬದಲಾಗುತ್ತದೆ. ರುವಾಂಡದಿಂದ ಉಗಾಂಡಕ್ಕೆ ಬಂದರೆ ಒಂದು ಗಂಟೆ ಮುಂದೆ. ಇನ್ನು ಸ್ವಾಹಿಲಿ ಮಾತಾಡುವವರು ಗಂಟೆ ಎಣಿಸುವುದು ಸೂರ್ಯೋದಯದಿಂದ: ನಮ್ಮ ಬೆಳಗಿನ ಎಂಟು ಅವರಿಗೆ ಎರಡು. ತಾಂಜಾನಿಯಾದ ಬಸ್ ಟಿಕೆಟ್ಟಿನಲ್ಲಿ ಹೀಗೆಯೇ ಬರೆದುಕೊಡುವುದುಂಟು. ಟಿಕೆಟ್ ಕೈಗೆ ಬಂದ ಕೂಡಲೇ ಮೊಬೈಲಿನ ಗಡಿಯಾರ ತೋರಿಸಿ, ಬೆರಳಿಟ್ಟು ಕೇಳಿ ಖಚಿತಪಡಿಸಿಕೊಳ್ಳಿ. ರಾತ್ರಿ ಬಸ್ಸಿನಲ್ಲಿ ಒಂದು ದಿನದ ಬಾಡಿಗೆ ಉಳಿಯುತ್ತದೆ ನಿಜ, ಆದರೆ ಆ ರಸ್ತೆಗಳಲ್ಲಿ ರಾತ್ರಿ ಅಪಘಾತಗಳು ಹೆಚ್ಚು. ಆ ಉಳಿತಾಯ ಬೇಡ.

ಸಫಾರಿ: ಒಂದೇ, ಹಂಚಿಕೊಂಡು

ಕೆನ್ಯಾದ ಮಸಾಯಿ ಮಾರಾ ಅಭಯಾರಣ್ಯದ ಪ್ರವೇಶ ಶುಲ್ಕ ವಿದೇಶಿಯರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200. ಇದು ಗೇಟಿನ ಟಿಕೆಟ್ ಮಾತ್ರ. ವ್ಯಾನು, ಊಟ, ಟೆಂಟು ಬೇರೆ. ತಾಂಜಾನಿಯಾದ ಎನ್‌ಗೊರೊಂಗೊರೊ ಎಂಬ, ಕಾಡುಪ್ರಾಣಿಗಳಿರುವ ಹಳೆಯ ಜ್ವಾಲಾಮುಖಿ ಕುಳಿಯ ಲೆಕ್ಕ ನೋಡಿ: ಒಬ್ಬರಿಗೆ ಸುಮಾರು 71 ಡಾಲರ್ ಪ್ರವೇಶ, ಕುಳಿಗೆ ಇಳಿಯುವ ಪ್ರತಿ ವಾಹನಕ್ಕೆ 295. ಇಬ್ಬರೇ ಹೋದರೆ ತಲಾ 218 ಆಗುತ್ತದೆ, ಆರು ಜನ ಸೇರಿದರೆ ತಲಾ 120. ವಾಹನ ಬಾಡಿಗೆ, ಡೀಸೆಲ್ಲೂ ಹಾಗೆಯೇ ಆರು ಪಾಲಾಗುತ್ತದೆ. ಆದ್ದರಿಂದ ಊರಿನಿಂದಲೇ ಖಾಸಗಿ ಸಫಾರಿ ಬುಕ್ ಮಾಡಬೇಡಿ. ಅರುಶಕ್ಕೆ ಒಂದು ದಿನ ಮೊದಲು ಬಂದು, ಹಾಸ್ಟೆಲ್ಲಿನಲ್ಲಿ ಜನ ಸೇರಿಸಿಕೊಂಡು, ಮೂರು ನಾಲ್ಕು ಕಡೆ ವಿಚಾರಿಸಿ.

ವಿಚಾರಿಸುವಾಗ ಇಷ್ಟನ್ನು ಕಾಗದದ ಮೇಲೆ ಬರೆಸಿಕೊಳ್ಳಿ: ಉದ್ಯಾನದ ಶುಲ್ಕವೂ ತೆರಿಗೆಯೂ ಸೇರಿದೆಯೇ, ಗಾಡಿಯಲ್ಲಿ ಗರಿಷ್ಠ ಎಷ್ಟು ಜನ, ಪ್ರತಿಯೊಬ್ಬರಿಗೂ ಕಿಟಕಿ ಸಿಗುತ್ತದೆಯೇ, ಕೊನೆಯ ದಿನ ಕಾಡು ಸುತ್ತಿಸುತ್ತಾರೋ ಅಥವಾ ಬರೀ ವಾಪಸು ಪ್ರಯಾಣವೋ, ಸಸ್ಯಾಹಾರದ ಅಡುಗೆ ಮಾಡುತ್ತಾರೆಯೇ. ಎಲ್ಲರಿಗಿಂತ ತೀರಾ ಕಡಿಮೆ ಹೇಳುವವರನ್ನು ನಂಬಬೇಡಿ. ಸರ್ಕಾರಿ ಶುಲ್ಕ ಯಾರಿಗೂ ಕಡಿಮೆಯಾಗುವುದಿಲ್ಲ, ಹಾಗಾಗಿ ಅವರು ಉಳಿಸುವುದು ಟೈರಿನಲ್ಲಿ, ಊಟದಲ್ಲಿ, ಡ್ರೈವರನ ಸಂಬಳದಲ್ಲಿ. ಎರಡು ರಾತ್ರಿ, ಮೂರು ದಿನದ ಕ್ಯಾಂಪಿಂಗ್ ಸಫಾರಿಗೆ 600ರಿಂದ 700 ಡಾಲರ್ ಇಟ್ಟುಕೊಳ್ಳಿ.

ಊಟ

ಕೆನ್ಯಾ, ತಾಂಜಾನಿಯಾಗಳಲ್ಲಿ ಉಗಾಲಿ ಎಂದರೆ ಜೋಳದ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ, ಮಹರಗೆ ಎಂಬ ಕಾಳಿನ ಸಾರು. ನಮ್ಮ ರಾಗಿಯ ಮೂಲವೂ ಪೂರ್ವ ಆಫ್ರಿಕಾದ ಎತ್ತರದ ನೆಲವೇ. ಅಲ್ಲಿ ಪಳಗಿಸಿದ ಬೆಳೆ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂತು. ಬೆಳಗ್ಗೆ ರಸ್ತೆಬದಿಯಲ್ಲಿ ಉಜಿ ವಾ ವಿಂಬಿ ಎಂದು ಕೇಳಿದರೆ ಬಿಸಿ ರಾಗಿ ಗಂಜಿ ಲೋಟದಲ್ಲಿ ಕೊಡುತ್ತಾರೆ. ಮಂಡ್ಯ, ತುಮಕೂರಿನವರು ಇದನ್ನು ಕುಡಿಯದೆ ಬರಬಾರದು.

ಉಗಾಂಡದಲ್ಲಿ ಬೇಯಿಸಿದ ಬಾಳೆಕಾಯಿಯ ಮಟೋಕೆಗೆ ಶೇಂಗಾ ಗೊಜ್ಜು. ಬೀದಿಯಲ್ಲಿ ಚಪಾತಿಗೆ ಮೊಟ್ಟೆ ಸುತ್ತಿದ ರೋಲೆಕ್ಸ್. ಸಸ್ಯಾಹಾರಿಗಳು ಸ್ವಾಹಿಲಿಯ ಒಂದು ವಾಕ್ಯ ಕಲಿತಿರಿ: "ಸಿಲಿ ನ್ಯಾಮ ವಾಲಾ ಸಮಾಕಿ", ಮಾಂಸ ಮೀನು ಎರಡೂ ತಿನ್ನುವುದಿಲ್ಲ ಎಂದು. ಮೀನನ್ನೂ ಸೇರಿಸಿ ಹೇಳದಿದ್ದರೆ ಸಾರಿನಲ್ಲಿ ಒಣಮೀನು ಬಂದೀತು. ಕಂಪಾಲ, ನೈರೋಬಿ, ದಾರ್‌ಗಳಲ್ಲಿ ಗುಜರಾತಿಗಳ ಸಸ್ಯಾಹಾರಿ ಹೋಟೆಲುಗಳಿವೆ, ಆದರೆ ದಿನಾ ಅಲ್ಲೇ ತಿಂದರೆ ಊಟದ ಬಾಬ್ತು ಮೂರು ಪಟ್ಟಾಗುತ್ತದೆ.

ಒಟ್ಟು ಲೆಕ್ಕ

ಡಾಲರಿಗೆ 90 ರೂಪಾಯಿ ಎಂದು ಹಿಡಿದು ಹೇಳುತ್ತೇನೆ. ಹಾಸ್ಟೆಲ್ ಹಾಸಿಗೆ, ಊಟ, ಬಸ್ಸು, ಸಣ್ಣಪುಟ್ಟ ಪ್ರವೇಶ ಸೇರಿ ದಿನಕ್ಕೆ 3,500 ರೂಪಾಯಿ. ರುವಾಂಡ, ಜಾಂಜಿಬಾರ್‌ಗಳಲ್ಲಿ ಇದು ಮೀರುತ್ತದೆ, ಉಗಾಂಡದಲ್ಲಿ ಉಳಿಯುತ್ತದೆ. ನಾಲ್ಕು ವಾರಕ್ಕೆ 98 ಸಾವಿರ. ವಿಮಾನ 65 ಸಾವಿರ. ಎರಡು ವೀಸಾ, ಜಾಂಜಿಬಾರ್ ವಿಮೆ ಸೇರಿ 194 ಡಾಲರ್, ಅಂದರೆ ಹದಿನೇಳೂವರೆ ಸಾವಿರ. ಸಫಾರಿಗೆ 60 ಸಾವಿರ. ಲಸಿಕೆ, ಮಾತ್ರೆ, ಪ್ರಯಾಣ ವಿಮೆಗೆ 10 ಸಾವಿರ. ಎಲ್ಲ ಸೇರಿ ಎರಡೂವರೆ ಲಕ್ಷ. ಇದರ ಮೇಲೆ 30 ಸಾವಿರ ಮುಟ್ಟದೆ ಇಟ್ಟುಕೊಳ್ಳಿ. ಜ್ವರ ಬಂದು ನಾಲ್ಕು ದಿನ ಒಳ್ಳೆಯ ರೂಮಿನಲ್ಲಿ ಮಲಗಬೇಕಾದರೆ ಅದು ಬೇಕು. ಇಬ್ಬರು ಹೋದರೆ ಹಾಸ್ಟೆಲ್ ಹಾಸಿಗೆಯ ಬೆಲೆಗೇ ಹಲವೆಡೆ ರೂಮು ಸಿಗುತ್ತದೆ.

ಇಷ್ಟು ಹೊಂದದಿದ್ದರೆ ಮೊದಲು ಕತ್ತರಿ ಹಾಕಬೇಕಾದ್ದು ಸಫಾರಿಗೆ: ಅದರ ಬದಲು ಹೆಲ್ಸ್ ಗೇಟ್‌ನಲ್ಲಿ ಇನ್ನೊಂದು ದಿನ ಇರಿ. ರಜೆ ಮೂರೇ ವಾರವಾದರೆ ರುವಾಂಡವನ್ನು ಬಿಟ್ಟು ಎಂಟೆಬ್ಬೆಯಲ್ಲಿ ಇಳಿಯಿರಿ. ಜಂಟಿ ವೀಸಾಕ್ಕೆ ಉಗಾಂಡಕ್ಕೇ ಅರ್ಜಿ ಹಾಕಿ, ಜಿಂಜದಿಂದ ಮುಂದಿನ ದಾರಿ ಹಾಗೆಯೇ ಇರಲಿ. ಎರಡೇ ವಾರವಿದ್ದರೆ ನೈರೋಬಿಯಲ್ಲಿ ಇಳಿದು ಜಾಂಜಿಬಾರ್‌ನಲ್ಲಿ ಹತ್ತಿ, ಎರಡೇ ದೇಶ ಸಾಕು. ಆಗ ಜಂಟಿ ವೀಸಾ ಬೇಡ, ಕೆನ್ಯಾದ ಇಟಿಎ ಮತ್ತು ತಾಂಜಾನಿಯಾದ ವೀಸಾ ತೆಗೆದುಕೊಂಡರಾಯಿತು. ಹಳದಿ ಕಾರ್ಡು ಮಾತ್ರ ಆಗಲೂ ಬೇಕು.